ಕಿಟ್ ಬೇಡ, ವೀಳ್ಯ ಕೊಡಿ: ಲಾಕ್‌ಡೌನ್ ಕಾಲದಲ್ಲಿ ಮುಂಬೈಯ ಒಂದು ತಾಳಮದ್ದಳೆ ತಂಡ

2020ರ ಏಪ್ರಿಲ್ 5, ಭಾನುವಾರ. ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದ ದಿನ. ಡೊಂಬಿವಲಿಯ ನಮ್ಮ ಕಟ್ಟಡದವರೆಲ್ಲ ಬಾಲ್ಕನಿಗೆ ಬಂದಿದ್ದರು. ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ಕುಳಿತಿದ್ದೆ. ನಮ್ಮ ತಾಳಮದ್ದಳೆ ತಂಡದ ಸಮಿತಿ ಸಭೆ ಫೋನಿನಲ್ಲೇ ನಡೆಯುತ್ತಿತ್ತು. ವಿಷಯ ಒಂದೇ. ಬ್ಯಾಂಕಿನಲ್ಲಿರುವ 1,20,000 ರೂಪಾಯಿಯನ್ನು ಏನು ಮಾಡುವುದು?

ನಾನು ಈ ತಂಡದ ಕೋಶಾಧಿಕಾರಿ. ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಆ ಪುಸ್ತಕ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಏಕೆಂದರೆ ಇದರಲ್ಲಿ ಕೆಲವರ ಬಡತನದ ಮಾತಿದೆ. ಅದು ಅವರ ಸ್ವಂತ ವಿಷಯ.

ತಂಡ ಎಂದರೆ ದೊಡ್ಡದೇನಲ್ಲ. ಹದಿನಾಲ್ಕು ಜನ. ಹೆಚ್ಚಿನವರು ಮಂಗಳೂರು, ಕಾಸರಗೋಡು ಕಡೆಯಿಂದ ಬಂದವರು. ಮನೆಯಲ್ಲಿ ತುಳು, ಕೆಲಸದಲ್ಲಿ ಮರಾಠಿ ಹಿಂದಿ, ತಾಳಮದ್ದಳೆಗೆ ಕೂತರೆ ಕನ್ನಡ. ಹೋಟೆಲ್ ಸಪ್ಲಾಯರ್ ಇದ್ದಾರೆ, ಬ್ಯಾಂಕಿನವರಿದ್ದಾರೆ, ಕ್ಯಾಂಟೀನ್ ನಡೆಸುವವರಿದ್ದಾರೆ. ತಿಂಗಳಿಗೊಂದು ಭಾನುವಾರ ಒಂದು ಭಜನಾ ಮಂದಿರದಲ್ಲಿ ಸೇರುತ್ತಿದ್ದೆವು. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಳೆ ಜೊತೆಗಿರುತ್ತದೆ, ಅರ್ಥಧಾರಿಗಳು ಆ ಪದ್ಯ ಹಿಡಿದು ಮಾತು ಬೆಳೆಸುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಯಕ್ಷಗಾನದಿಂದ ಗೆಜ್ಜೆ ಕಿರೀಟ ತೆಗೆದರೆ ಉಳಿಯುವುದೇ ತಾಳಮದ್ದಳೆ.

ಆ 1,20,000 ರೂಪಾಯಿ ವಾರ್ಷಿಕೋತ್ಸವಕ್ಕೆ ಕೂಡಿಟ್ಟದ್ದು. ಊರಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯಲ್ಲಿ, ತುಳುವರು ಪತ್ತನಾಜೆ ಎನ್ನುವ ದಿನಕ್ಕೆ ಮುಗಿಯುತ್ತದೆ. ಆಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬರುತ್ತಾರೆ. ಆಗಸ್ಟಿನಲ್ಲಿ ಊರಿನಿಂದ ಐದಾರು ಜನರನ್ನು ಕರೆಸಿ ಒಂದು ಯಕ್ಷಗಾನ ಆಟ ಆಡಿಸಬೇಕೆಂದಿದ್ದೆವು. ಮಾರ್ಚ್ ಮಧ್ಯದಲ್ಲೇ ಊರಿನ ಮೇಳಗಳು ನಿಂತವು. ಮಾರ್ಚ್ 22ಕ್ಕೆ ಮುಂಬೈಯ ಲೋಕಲ್ ರೈಲು ನಿಂತಿತು. ರೈಲು ನಿಂತ ಮುಂಬೈಯನ್ನು ನಾವು ಯಾರೂ ಅಷ್ಟು ದಿನ ನೋಡಿರಲಿಲ್ಲ.

ಸಭೆಯಲ್ಲಿ ಮೊದಲು ಮಾತಾಡಿದ್ದು ನಾನೇ. ಎಲ್ಲವನ್ನೂ ರೇಷನ್ ಕಿಟ್‌ಗೆ ಹಾಕೋಣ ಎಂದೆ. ಹೋಟೆಲ್‌ಗಳು ಮುಚ್ಚಿವೆ, ಹುಡುಗರು ರೂಮಿನಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ ಇದ್ದಾರೆ, ಈಗ ಹಾಡು ಕೇಳುವ ಹೊತ್ತಾ? ಕಲೆ ಕಾಯಬಹುದು, ಹೊಟ್ಟೆ ಕಾಯುವುದಿಲ್ಲ ಎಂದೆ. ಹೆಚ್ಚಿನವರು ಹೌದು ಎಂದರು.

ಇಬ್ಬರು ಒಪ್ಪಲಿಲ್ಲ. ಒಬ್ಬರು ಭಾಗವತರು. ಇನ್ನೊಬ್ಬರು ಮದ್ದಳೆಗಾರರು.

ಮದ್ದಳೆಗಾರರ ಮಾತು

ಇವರಿಗೆ ಐವತ್ತರ ಆಸುಪಾಸು. ತಂಡದಲ್ಲಿ ನಾವೆಲ್ಲ ಹವ್ಯಾಸಿಗಳು. ಇವರಿಗೆ ಮಾತ್ರ ಮದ್ದಳೆಯೇ ಅನ್ನ. ಭಾನುವಾರದ ಕಾರ್ಯಕ್ರಮಗಳು, ಎರಡು ಭಜನಾ ಮಂದಿರಗಳಲ್ಲಿ ಮಕ್ಕಳ ತರಗತಿ, ಮದುವೆ ಸೀಸನ್‌ನಲ್ಲಿ ಕೇಟರಿಂಗ್ ಕೆಲಸ. ಮೂರೂ ಒಂದೇ ವಾರದಲ್ಲಿ ನಿಂತವು. ಸರ್ಕಾರದ ಪಟ್ಟಿಯಲ್ಲಿ ಇಂಥವರು ಕಾರ್ಮಿಕರೂ ಅಲ್ಲ, ವ್ಯಾಪಾರಿಗಳೂ ಅಲ್ಲ. ಮುಂದೆ 2021ರಲ್ಲಿ ಕರ್ನಾಟಕ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿದಾಗಲೂ ಇವರು ಅರ್ಜಿ ಹಾಕಲಿಲ್ಲ. ಆಧಾರ್, ರೇಷನ್ ಕಾರ್ಡ್ ಎಲ್ಲ ಮಹಾರಾಷ್ಟ್ರದ್ದು. ಬಾರಿಸುವುದು ಕನ್ನಡದ ಪದ್ಯಕ್ಕೆ.

ಆ ರಾತ್ರಿ ಅವರು ಹೇಳಿದ್ದು ಇಷ್ಟು: "ಅಕ್ಕಾ, ನನಗೆ ಕಿಟ್ ಬೇಡ. ಪದ್ಯ ಹೇಳಿಸಿ, ನಾನು ಬಾರಿಸ್ತೇನೆ. ವೀಳ್ಯ ಕೊಡಿ."

ನನಗಿಂತ ದೊಡ್ಡವರು ಅವರು. ಆದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ಆ ಮಾತು ಕೇಳಿ ನನಗೆ ಸ್ವಲ್ಪ ಸಿಟ್ಟೇ ಬಂತು. ಕಷ್ಟ ಕಾಲದಲ್ಲಿ ಇದೆಂಥ ಹಟ ಅನಿಸಿತು. ಮರುದಿನ ಅವರ ಮಗಳಿಂದ ವಿಷಯ ತಿಳಿಯಿತು. ಹಿಂದಿನ ವಾರ ಯಾರೋ ದಾನಿಗಳು ಬಂದು ಅಕ್ಕಿ, ಬೇಳೆ, ಎಣ್ಣೆ ಕೊಟ್ಟು ಹೋಗಿದ್ದರು. ಕೊಡುವಾಗ ಫೋಟೊ ತೆಗೆದಿದ್ದರು. ಆ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿ, ಅವರಲ್ಲಿ ಮದ್ದಳೆ ಕಲಿಯುವ ಮಕ್ಕಳ ಮನೆಗಳಿಗೂ ಮುಟ್ಟಿತ್ತು. ಮಕ್ಕಳ ಕೈ ಹಿಡಿದು ಮದ್ದಳೆಯ ಮೇಲೆ ಬೆರಳು ಇಡಿಸಿದ ಗುರುಗಳು ಚೀಲಕ್ಕೆ ಕೈ ಚಾಚಿ ನಿಂತ ಫೋಟೊ ಅದು. ಎರಡು ದಿನ ಅವರು ಯಾರ ಫೋನೂ ಎತ್ತಲಿಲ್ಲವಂತೆ.

ವೀಳ್ಯ ಎಂಬ ಮಾತಿನ ತೂಕ ನನಗೆ ಆಗ ಹೊಳೆಯಿತು. ವೀಳ್ಯ ಎಂದರೆ ವೀಳ್ಯದೆಲೆ, ಅಡಿಕೆ, ಅದರ ಮೇಲೆ ಹಣ. ಅದನ್ನು ಕೊಟ್ಟರೆ ಕರೆದಂತೆ, ತೆಗೆದುಕೊಂಡರೆ ಬರುತ್ತೇನೆ ಎಂದು ಒಪ್ಪಿದಂತೆ. ಹಸಿದವರಿಗೆ ಕಿಟ್ ಕೊಡುವುದು ತಪ್ಪಲ್ಲ, ಕೊಡಲೇಬೇಕು. ಆದರೆ ಕಿಟ್ ಕೊಡುವಾಗ ನಾವು "ನಿಮ್ಮಲ್ಲಿ ಇಲ್ಲ" ಎನ್ನುತ್ತೇವೆ. ವೀಳ್ಯ ಕೊಡುವಾಗ "ನಿಮ್ಮಲ್ಲಿ ಇದೆ, ನಮಗೆ ಬೇಕು" ಎನ್ನುತ್ತೇವೆ.

ಭಾಗವತರ ಕಾರಣವೇ ಬೇರೆ. ಅವರಿಗೆ 68. ಹುಡುಗನಾಗಿ ಬಂದು ಲಾಲ್‌ಬಾಗ್ ಕಡೆಯ ಒಂದು ಗಿರಣಿಯ ಕ್ಯಾಂಟೀನಿನಲ್ಲಿ ದುಡಿದವರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಗಿರಣಿ ಇಲ್ಲದ ಮೇಲೆ ಕ್ಯಾಂಟೀನ್ ಎಲ್ಲಿ? ಆಗ ಅವರದೊಂದು ಚಿಕ್ಕ ತಾಳಮದ್ದಳೆ ಗುಂಪಿತ್ತು. "ಒಂದು ವರ್ಷ ಬಿಡುವ, ಆಮೇಲೆ ಶುರು ಮಾಡುವ ಅಂತ ನಿಲ್ಲಿಸಿದೆವು. ಆ ಒಂದು ವರ್ಷ ಇನ್ನೂ ಮುಗಿಯಲಿಲ್ಲ" ಎಂದರು. ಆ ಗುಂಪಿನವರು ಕೆಲವರು ಊರಿಗೆ ಹೋದರು, ಕೆಲವರು ವಸಾಯಿ ವಿರಾರ್ ಕಡೆ ಚದುರಿದರು. ಮತ್ತೆ ಸೇರಲೇ ಇಲ್ಲ. ತಂಡ ಎಂಬುದು ವಾದ್ಯದ ಚರ್ಮದ ಹಾಗೆ, ಬಾರಿಸದೆ ಇಟ್ಟರೆ ಮಳೆಗಾಲ ಒಂದೇ ಸಾಕು ಎಂಬುದು ಅವರ ಅನುಭವ.

ಸಮಿತಿಯಲ್ಲಿ ಓದುವ ಹವ್ಯಾಸ ಇದ್ದವರೊಬ್ಬರು ಇನ್ನೊಂದು ಮಾತು ತಂದರು. ಇಪ್ಟಾ ಎಂಬ ರಂಗಕಲಾವಿದರ ಸಂಘಟನೆ 1943ರ ಮೇ ತಿಂಗಳಲ್ಲಿ ಹುಟ್ಟಿದ್ದು ಇದೇ ಮುಂಬೈಯಲ್ಲಿ. ಬಂಗಾಳದ ಕ್ಷಾಮದಲ್ಲಿ ಅದರ ಕಲಾವಿದರು ಊರೂರು ಸುತ್ತಿ, ಹಾಡಿ, ನಾಟಕ ಆಡಿ ಪರಿಹಾರಕ್ಕೆ ಹಣ ಕೂಡಿಸಿದರು. ಕಷ್ಟ ಕಾಲದಲ್ಲಿ ಕಲಾವಿದರು ಕೊಡುವವರಾಗಬೇಕು, ತೆಗೆದುಕೊಳ್ಳುವವರಲ್ಲ ಎಂದು ಅವರ ವಾದ. ಆ ಚರಿತ್ರೆಯ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಕೊಡುವವರ ಮನೆಯಲ್ಲೂ ಒಲೆ ಉರಿಯಬೇಕು, ಅಲ್ವಾ? ಹಾಡುವವರು ಉಚಿತವಾಗಿ ಹಾಡಿ ನಮಗೆ ಧೈರ್ಯ ಹೇಳಲಿ ಎಂದು ಆ ತಿಂಗಳುಗಳಲ್ಲಿ ಎಲ್ಲರೂ ಬಯಸಿದರು. ಫೇಸ್‌ಬುಕ್ ತುಂಬ ಲೈವ್ ಹಾಡುಗಳಿದ್ದವು. ಈ ತಿಂಗಳ ಬಾಡಿಗೆ ಕಟ್ಟಿದಿರಾ ಎಂದು ಅವರನ್ನು ಕೇಳಿದವರು ಕಡಿಮೆ.

ಮೂರು ಸಭೆಗಳ ನಂತರ ತೀರ್ಮಾನವಾಯಿತು. 60,000 ರೂಪಾಯಿ ರೇಷನ್‌ಗೆ. ಕಿರಾಣಿ ಅಂಗಡಿಗೆ ನಾವೇ ಹಣ ಕಟ್ಟುವುದು, ಬೇಕಾದವರು ಹೋಗಿ ತಮಗೆ ಬೇಕಾದ್ದನ್ನು ತರುವುದು. ಫೋಟೊ ಇಲ್ಲ, ಪಟ್ಟಿ ಹೊರಗೆ ಹೋಗುವುದಿಲ್ಲ. ಉಳಿದ 60,000 ರೂಪಾಯಿಯಲ್ಲಿ ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ ಫೋನಿನಲ್ಲಿ ತಾಳಮದ್ದಳೆ. ಭಾಗವತರಿಗೆ ಸಾವಿರ, ಮದ್ದಳೆಗಾರರಿಗೆ ಸಾವಿರ. ಕೆಲಸ ಇದ್ದ ಅರ್ಥಧಾರಿಗಳು ಏನೂ ತೆಗೆದುಕೊಳ್ಳುವುದಿಲ್ಲ.

ತಾಳ ತಪ್ಪಿದ ಶನಿವಾರ

ಏಪ್ರಿಲ್ 25ರ ಮೊದಲ ಶನಿವಾರ ಪೂರ್ತಿ ಕೆಟ್ಟಿತು. ಝೂಮ್‌ನಲ್ಲಿ 23 ಫೋನುಗಳು ಸೇರಿದ್ದವು. ಭಾಗವತರು ಭಾಂಡುಪ್‌ನ ಮನೆಯಲ್ಲಿ, ಮದ್ದಳೆಗಾರರು ಡೊಂಬಿವಲಿಯ ಚಾಳಿನಲ್ಲಿ. ಗಣಪತಿ ಸ್ತುತಿಯ ಎರಡನೇ ಸಾಲಿಗೇ ಇಬ್ಬರೂ ಬೇರೆಯಾದರು. ಭಾಗವತರು ಮದ್ದಳೆಗೆ ಕಾಯುತ್ತಾರೆ, ಮದ್ದಳೆಗಾರರು ಪದ್ಯಕ್ಕೆ ಕಾಯುತ್ತಾರೆ, ಲಯ ನಿಧಾನ ಆಗುತ್ತಾ ಆಗುತ್ತಾ ನಿಂತೇ ಹೋಯಿತು. ಮೇಲಿಂದ, ಝೂಮ್ ಮದ್ದಳೆಯ ಪೆಟ್ಟನ್ನು ಗದ್ದಲ ಎಂದು ತಿಳಿದು ಅಳಿಸಿಹಾಕುತ್ತಿತ್ತು. ಕೊನೆಗೆ ಉಚಿತದ 40 ನಿಮಿಷ ಮುಗಿದು ಎಲ್ಲರೂ ಹೊರಗೆ ಬಿದ್ದೆವು.

ಆ ರಾತ್ರಿ ಭಾಗವತರು ನನಗೆ ಫೋನ್ ಮಾಡಿ, "ಇದು ಆಗುವ ಕೆಲಸ ಅಲ್ಲಮ್ಮ" ಎಂದರು. ದನಿ ಒಡೆದಿತ್ತು.

ದಾರಿ ತೋರಿಸಿದ್ದು ಮದ್ದಳೆಗಾರರ ಮಗಳು. ಕಾಲೇಜಿನ ಹುಡುಗಿ. ಸಂಗೀತಗಾರರು ಒಟ್ಟಿಗೆ ನುಡಿಸಬೇಕಾದರೆ ದನಿ 25–30 ಮಿಲಿಸೆಕೆಂಡಿನ ಒಳಗೆ ಒಬ್ಬರಿಂದ ಒಬ್ಬರಿಗೆ ಮುಟ್ಟಬೇಕು. ಇಂಟರ್ನೆಟ್ಟಿನಲ್ಲಿ ಅದರ ಎಷ್ಟೋ ಪಟ್ಟು ತಡ ಆಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಲು ಹೊರಟರೆ ಆ ತಡ ಎರಡಾಗುತ್ತದೆ. ಆದ್ದರಿಂದ ಒಬ್ಬರು ಕೇಳುವುದನ್ನು ಬಿಡಬೇಕು ಎಂದಳು.

ಹೀಗೆ ಮಾಡಿದೆವು. ಭಾಗವತರು ಮಾಮೂಲಿ ಫೋನ್ ಕರೆ ಮಾಡಿ ಹಾಡುತ್ತಾರೆ. ಮದ್ದಳೆಗಾರರ ಕೋಣೆಯಲ್ಲಿ ಅದು ಸ್ಪೀಕರಿನಲ್ಲಿ ಕೇಳುತ್ತದೆ. ಅವರು ಅದಕ್ಕೆ ಸರಿಯಾಗಿ ಬಾರಿಸುತ್ತಾರೆ. ಪಕ್ಕದಲ್ಲಿ ಮಗಳ ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೆ ಹಿಡಿದು ಝೂಮ್‌ಗೆ ಕಳಿಸುತ್ತದೆ. ಅದರಲ್ಲಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಒತ್ತಿದ ಮೇಲೆ ಮದ್ದಳೆಯ ಪೆಟ್ಟು ಉಳಿಯಿತು. ಕೇಳುವವರ ಕಿವಿಗೆ ಪದ್ಯ ಮದ್ದಳೆ ಎರಡೂ ಒಂದೇ ಕೋಣೆಯಿಂದ ಬಂದ ಹಾಗೆ. ಚಾಳಿನ ಆ ಹತ್ತಡಿ ಕೋಣೆಯೇ ನಮ್ಮ ರಂಗಸ್ಥಳ.

ಇದಕ್ಕೆ ಬೆಲೆ ತೆತ್ತವರು ಭಾಗವತರು. ಮದ್ದಳೆ ಅವರಿಗೆ ಕೇಳಿಸುವುದೇ ಇಲ್ಲ. ನಲವತ್ತು ವರ್ಷ ಬೆನ್ನಿಗೆ ಮದ್ದಳೆ ಇಟ್ಟುಕೊಂಡು ಹಾಡಿದವರು, ಈಗ ಕೈಯಲ್ಲಿ ಜಾಗಟೆ ಹಿಡಿದು, ಎದುರಿನ ಗೋಡೆ ನೋಡಿಕೊಂಡು, ಡೊಂಬಿವಲಿಯಲ್ಲಿ ಯಾರೋ ತನ್ನ ಜೊತೆ ಇದ್ದಾರೆ ಎಂದು ನಂಬಿ ಹಾಡಬೇಕು. ಆ ಇಡೀ ವರ್ಷದಲ್ಲಿ ನಾನು ಕಂಡ ದೊಡ್ಡ ಕಲೆಗಾರಿಕೆ ಇದೇ. ಭಾಗವತರು ತಾಳ ಬಿಡಲಿಲ್ಲ, ಮದ್ದಳೆಗಾರರು ಅವರ ಕೈಬಿಡಲಿಲ್ಲ.

ಮಾತಿನ ಭಾಗಕ್ಕೆ ಏನೂ ತೊಂದರೆ ಆಗಲಿಲ್ಲ. ತಾಳಮದ್ದಳೆಯಲ್ಲಿ ಒಬ್ಬರು ಮಾತಾಡಿ ಮುಗಿಸಿದ ಮೇಲೆಯೇ ಇನ್ನೊಬ್ಬರು. ಅರ್ಧ ಸೆಕೆಂಡ್ ತಡವಾದರೆ ಯೋಚಿಸಿ ಉತ್ತರ ಕೊಟ್ಟ ಹಾಗೆ ಕೇಳುತ್ತದೆ. ನೃತ್ಯದವರು, ಕಛೇರಿ ಸಂಗೀತದವರು ಪಟ್ಟ ಕಷ್ಟ ನಮಗಿರಲಿಲ್ಲ. ನಾಲ್ಕು ಶನಿವಾರ ಆಗುವಾಗ ಅರವತ್ತು ಮನೆಗಳು ಸೇರುತ್ತಿದ್ದವು.

ಸೇರಿದಾಗ ಇನ್ನೊಂದು ಕೆಲಸವೂ ಆಗುತ್ತಿತ್ತು. ನಾವು ಮೊದಲು ಅದನ್ನು ಯೋಚಿಸಿರಲಿಲ್ಲ. ಎಂಟೂವರೆಗೆ ಯಾರ ಹೆಸರು ಪರದೆಯಲ್ಲಿ ಕಾಣಲಿಲ್ಲವೋ ಅವರಿಗೆ ಯಾರಾದರೂ ಫೋನ್ ಮಾಡುತ್ತಿದ್ದರು. ಹೀಗೇ ಘಾಟ್‌ಕೋಪರಿನ ಒಂದು ರೂಮಿನಲ್ಲಿ ಮೂವರಿಗೆ ಜ್ವರ ಇದ್ದದ್ದು ತಿಳಿಯಿತು. ಹೀಗೇ ಒಬ್ಬ ಅಜ್ಜಿಯ ಬಿಪಿ ಮಾತ್ರೆ ಮುಗಿದದ್ದು ತಿಳಿಯಿತು. "ಕಷ್ಟ ಇದ್ದರೆ ಹೇಳಿ" ಎಂದು ವಾಟ್ಸಾಪಿನಲ್ಲಿ ಹಾಕಿದ್ದ ಸಂದೇಶಕ್ಕೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಕಷ್ಟ ಹೇಳಿಕೊಳ್ಳಲು ಯಾರೂ ಬರುವುದಿಲ್ಲ. ಪದ್ಯ ಕೇಳಲು ಬರುತ್ತಾರೆ.

ಶಾಲೆಯ ಕೋಣೆಯಿಂದ ಭರತ

ಮೇ ತಿಂಗಳ ಒಂದು ಶನಿವಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಅರ್ಥಧಾರಿಗಳಲ್ಲಿ ಒಬ್ಬ ಹೋಟೆಲ್ ಸಪ್ಲಾಯರ್. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವನು. ಮಾತಿಗೆ ಕೂತರೆ ಪದವೀಧರರು ಬಾಯಿ ಮುಚ್ಚಿ ಕೇಳಬೇಕು, ಹಾಗೆ. ಮಾಲಕರು ಹೋಟೆಲ್ ಮುಚ್ಚಿದ ಮೇಲೆ ಐವತ್ತು ದಿನ ರೂಮಿನಲ್ಲೇ ಇದ್ದ. ಕರ್ನಾಟಕ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸ್ ಸಿಕ್ಕಿದ ಮೇಲೆ ಬಸ್ಸು ಹಿಡಿದು ಊರಿಗೆ ಹೋದ. ಅವನು ತಲುಪಿದ ಕೆಲವೇ ದಿನಕ್ಕೆ, ಮೇ 18ರಂದು, ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲ ಎಂದು ಕರ್ನಾಟಕ ಹೇಳಿತು. ಊರಿನಲ್ಲಿ ಆಗ "ಬೊಂಬಾಯಿಯವರು" ಎಂದರೆ ಭಯ. ಹಿಂದೆ ಇದೇ ಜನ ಬೊಂಬಾಯಿಯವರು ಬಂದರೆಂದು ಸಂಭ್ರಮ ಪಡುತ್ತಿದ್ದರು. ಭಯ ತಪ್ಪು ಎಂದು ನಾನು ಹೇಳುವುದಿಲ್ಲ, ರೋಗ ಹಾಗಿತ್ತು. ಆದರೆ ಹೋದವರ ಮನಸ್ಸಿಗೆ ಅದು ಬಹಳ ಚುಚ್ಚಿತು.

ಅವನನ್ನು 14 ದಿನ ಕ್ವಾರಂಟೈನಿಗೆ ಹಾಕಿದ್ದು ಅವನೇ ಏಳನೇ ತರಗತಿವರೆಗೆ ಓದಿದ ಶಾಲೆಯಲ್ಲಿ. ಮನೆ ಕಾಣುವಷ್ಟು ಹತ್ತಿರ. ಅಮ್ಮ ಗೇಟಿನ ಹತ್ತಿರ ಊಟ ಇಟ್ಟು ದೂರ ನಿಲ್ಲುತ್ತಿದ್ದರು.

ಆ ವಾರದ ಪ್ರಸಂಗ ರಾಮ ಕಾಡಿಗೆ ಹೋದ ಮೇಲೆ ಭರತ ಹಿಂಬಾಲಿಸಿ ಬಂದು, ಪಾದುಕೆ ಪಡೆದು ಮರಳುವ ಭಾಗ. ಭರತನ ಅರ್ಥ ಅವನಿಗೇ ಬೇಕೆಂದು ಕೇಳಿ ಪಡೆದ. ಭರತ ಅಯೋಧ್ಯೆಯ ಒಳಗೆ ಹೋಗುವುದಿಲ್ಲ. ಊರ ಹೊರಗೆ ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ಕಾಯುತ್ತಾನೆ. ಅವನು ಶಾಲೆಯ ಬೆಂಚಿನ ಮೇಲೆ ಫೋನ್ ಇಟ್ಟು ಮಾತು ಶುರು ಮಾಡಿದ. "ಹೆತ್ತ ಊರಿನ ದೀಪ ಕಾಣುತ್ತದೆ, ತಾಯಿಯ ಒಲೆಯ ಹೊಗೆ ಕಾಣುತ್ತದೆ. ಕಾಲಿಗೆ ದೂರವಿಲ್ಲ. ಆದರೂ ಹದಿನಾಲ್ಕು ಮುಗಿಯದೆ ನಾನು ಒಳಗೆ ಬರಲಾರೆ. ನನ್ನಿಂದ ಈ ಊರಿಗೆ ಒಂದು ಕಳಂಕ ತಟ್ಟಬಾರದು."

ವರ್ಷ ಎಂದೂ ಹೇಳಲಿಲ್ಲ, ದಿನ ಎಂದೂ ಹೇಳಲಿಲ್ಲ. ಹದಿನಾಲ್ಕು ಎಂದಷ್ಟೇ ಹೇಳಿದ.

ರಾಮನ ಅರ್ಥ ಹೇಳಬೇಕಾದ ಹಿರಿಯರು ತುಂಬ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ. ಆ ಶಾಲೆಯಲ್ಲಿದ್ದ ಉಳಿದವರೂ ಕಾರಿಡಾರಿನಲ್ಲಿ ದೂರ ದೂರ ಕೂತು ಕೇಳಿದರೆಂದು ಅವನು ಆಮೇಲೆ ಹೇಳಿದ. ಮರುದಿನ ಗೇಟಿನ ಹತ್ತಿರ ಒಬ್ಬ ನೆರೆಯವರು ಒಂದು ಗೊನೆ ಬಾಳೆಹಣ್ಣು ಇಟ್ಟು ಹೋಗಿದ್ದರಂತೆ.

ಕೊರೋನಾ ಮೇಲೆ ಹೊಸ ಹಾಡು ಕಟ್ಟಿ ಎಂದು ನಮಗೆ ಬಹಳ ಜನ ಹೇಳಿದ್ದರು. ಒಂದೆರಡು ಕಟ್ಟಿಯೂ ನೋಡಿದೆವು. ಕೈ ತೊಳೆಯಿರಿ, ಮಾಸ್ಕ್ ಹಾಕಿರಿ ಎಂಬ ಪದ್ಯಗಳು. ಅವುಗಳಿಂದ ಉಪಯೋಗ ಇರಬಹುದು, ಆದರೆ ಯಾರೂ ಎರಡನೇ ಸಲ ಕೇಳಲಿಲ್ಲ. ಹಳೆಯ ಪ್ರಸಂಗಕ್ಕೆ ಅವನು ತನ್ನ ಗಂಟಲು ಕೊಟ್ಟದ್ದೇ ಸಾಕಾಯಿತು.

ಲೆಕ್ಕದಲ್ಲಿ ಬಿಟ್ಟುಹೋದದ್ದು

ಎಲ್ಲರಿಗೂ ಇದು ಹಿಡಿಸಲಿಲ್ಲ. ಜೂನಿನಲ್ಲಿ ಒಬ್ಬ ಸದಸ್ಯರ ಅಣ್ಣ ತೀರಿಕೊಂಡರು. ಆಸ್ಪತ್ರೆಯಿಂದ ದೇಹ ಮನೆಗೆ ಬರಲಿಲ್ಲ. ಆ ಶನಿವಾರವೂ ನಾವು ನಿಲ್ಲಿಸಲಿಲ್ಲ. "ಹೆಣ ಬೀಳುವಾಗ ನಿಮಗೆ ಹಾಡು ಬೇಕಾ?" ಎಂದು ಬರೆದು ಅವರು ಗುಂಪಿನಿಂದ ಹೊರಗೆ ಹೋದರು. ಇವತ್ತಿಗೂ ಮಾತಿಲ್ಲ. ಒಂದು ವಾರ ನಿಲ್ಲಿಸಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ. ಭಾಗವತರು ಇನ್ನೂ ಒಪ್ಪುವುದಿಲ್ಲ.

ದುಡ್ಡು ಸರಿಯಾಗಿ 30 ಶನಿವಾರಕ್ಕೆ ಬಂತು. ಕೊನೆಯದು ನವೆಂಬರ್ 14, ದೀಪಾವಳಿಯ ದಿನ. ಆ ವರ್ಷ ಪುಣೆಯಲ್ಲಿ, 1953ರಿಂದ ನಡೆದುಬಂದ ಸವಾಯಿ ಗಂಧರ್ವ ಸಂಗೀತ ಉತ್ಸವವೇ ಡಿಸೆಂಬರಿನಲ್ಲಿ ನಡೆಯಲಿಲ್ಲ. ನಮ್ಮ ಶನಿವಾರ ನಡೆಯಿತು. ದೀಪಾವಳಿಯ ನಂತರ ಕೇಳುಗರೇ ಐವತ್ತು, ನೂರು ಎಂದು ಹಾಕತೊಡಗಿದರು. ಎರಡನೇ ಅಲೆಯಲ್ಲೂ ವೀಳ್ಯ ಒಂದು ವಾರ ತಪ್ಪಲಿಲ್ಲ. ಮದ್ದಳೆಗಾರರು ಬಾಡಿಗೆ ಬಾಕಿ ಇಡಲಿಲ್ಲ. ಲ್ಯಾಪ್‌ಟಾಪಿನಲ್ಲೇ ಮಕ್ಕಳ ತರಗತಿ ಮತ್ತೆ ಶುರು ಮಾಡಿದರು. ಆ ಫೋಟೊ ನೋಡಿದ್ದ ಮನೆಗಳ ಮಕ್ಕಳೇ ಮೊದಲು ಸೇರಿದ್ದು.

ಇಷ್ಟರಲ್ಲಿ ನಾನು ಒಬ್ಬರ ಹೆಸರನ್ನೇ ಎತ್ತಿಲ್ಲ. ಚೆಂಡೆಯವರು.

ಚೆಂಡೆಯ ಸದ್ದು ಚಾಳಿಗೆ ಜಾಸ್ತಿ. ಪಕ್ಕದ ಕೋಣೆಗಳಲ್ಲಿ ರೋಗಿಗಳಿದ್ದರು. ಫೋನಿನಲ್ಲಿ ಕೇಳಿದರೂ ಒಡೆದ ಡಬ್ಬದ ಹಾಗೆ ಕೇಳುತ್ತಿತ್ತು. ಆದ್ದರಿಂದ ಮೊದಲ ಶನಿವಾರವೇ ಚೆಂಡೆ ಬಿಟ್ಟೆವು. ಯಾರೂ ಚರ್ಚೆ ಮಾಡಲಿಲ್ಲ. ಚೆಂಡೆ ಇಲ್ಲ ಎಂದ ಮೇಲೆ ವೀಳ್ಯವೂ ಇಲ್ಲ. ಅವರಿಗೆ ಕಿರಾಣಿ ಅಂಗಡಿಯ ಪಟ್ಟಿಯಲ್ಲಿ ಹೆಸರು ಹಾಕಿದೆ. ಎರಡು ಸಲ ಹೋಗಿ ಸಾಮಾನು ತಂದರು. ಮೂರನೇ ಸಲ ಹೋಗಲಿಲ್ಲ. ಶನಿವಾರದ ಕರೆಗೆ ಮೊದಲು ಬರುತ್ತಿದ್ದರು, ಮೈಕ್ ಬಂದ್ ಮಾಡಿ ಕೂರುತ್ತಿದ್ದರು, ಆಮೇಲೆ ಬರುವುದು ಬಿಟ್ಟರು. ಆಗಸ್ಟಿನಲ್ಲಿ ಊರಿಗೆ ಹೋದರು ಎಂದು ಯಾರೋ ಹೇಳಿದರು. ಈಗ ಅಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಚೆಂಡೆ ಮುಟ್ಟಿಲ್ಲ.

ಮದ್ದಳೆಗಾರರು ಬಾಯಿಬಿಟ್ಟು ಕೇಳಿದರು, ಅವರಿಗೆ ಸಿಕ್ಕಿತು. ಚೆಂಡೆಯವರು ಕೇಳಲಿಲ್ಲ. ಅವರಿಗೆ ಕೊಡಲು ಕೆಲಸ ಇರಲಿಲ್ಲವೇ? ಇತ್ತು. ಪದ್ಯದ ನಡುವೆ ತಾಳದ ಬಗ್ಗೆ ಹತ್ತು ನಿಮಿಷ ಮಾತಾಡಿಸಬಹುದಿತ್ತು. ಮಕ್ಕಳಿಗೆ ಬಾಯಿತಾಳ ಕಲಿಸಲು ಹೇಳಬಹುದಿತ್ತು. ನಮಗೆ ಹೊಳೆಯಲಿಲ್ಲ. ಭಾಗವತರು 1982ರ ಬಗ್ಗೆ ಹೇಳಿದ್ದು ಕೇಳಿಯೂ ನಾನು ಅದನ್ನೇ ಮಾಡಿದೆ. ಒಬ್ಬರನ್ನು ಒಂದು ವರ್ಷ ಬಿಟ್ಟೆ.

2021ರ ಅಕ್ಟೋಬರ್ 22ಕ್ಕೆ ಮಹಾರಾಷ್ಟ್ರದಲ್ಲಿ ನಾಟಕಗೃಹಗಳು ಮತ್ತೆ ತೆರೆದವು. ನವೆಂಬರಿನಲ್ಲಿ ನಾವು ಮಂದಿರದಲ್ಲಿ ಸೇರಿದೆವು. ಭಾಗವತರ ಬೆನ್ನಿಗೆ ಮದ್ದಳೆ ಇತ್ತು. ಮೊದಲ ಪೆಟ್ಟು ಕೇಳಿದಾಗ ಅವರು ತಿರುಗಿ ನೋಡಿದರು, ಹಾಡು ನಿಲ್ಲಿಸಲಿಲ್ಲ. ಚೆಂಡೆಗೆ ಬೇರೆ ತಂಡದ ಹುಡುಗನನ್ನು ಕರೆಸಿದ್ದೆವು. ಚೆನ್ನಾಗಿ ಬಾರಿಸಿದ.

ನಮ್ಮ ಚೆಂಡೆಯವರ ಚೆಂಡೆ ನನ್ನ ಮನೆಯ ಅಟ್ಟದಲ್ಲಿದೆ. ಊರಿಗೆ ಹೋಗುವಾಗ ಮಂದಿರದಲ್ಲೇ ಬಿಟ್ಟಿದ್ದರು, ಸೋರುತ್ತದೆ ಎಂದು ನಾನು ತಂದಿಟ್ಟೆ. ಮಳೆಗಾಲಕ್ಕೆ ಮೊದಲು ಬಟ್ಟೆಯಲ್ಲಿ ಸುತ್ತುತ್ತೇನೆ, ಬಿಸಿಲು ಬಂದಾಗ ಬಿಚ್ಚಿ ಗಾಳಿಗೆ ಇಡುತ್ತೇನೆ. ಈ ವರ್ಷದ ವಾರ್ಷಿಕೋತ್ಸವದ ದಿನ ಗೊತ್ತಾದ ಕೂಡಲೇ ಅವರಿಗೆ ಫೋನ್ ಮಾಡಿದೆ. ಮತ್ಸ್ಯಗಂಧ ರೈಲಿನ ಹೋಗಿಬರುವ ಟಿಕೆಟ್ ನಾವು ಮಾಡಿಸುತ್ತೇವೆ, ವೀಳ್ಯ ಇಷ್ಟು, ನೀವು ಬಂದರೆ ಮಾತ್ರ ಈ ಪ್ರಸಂಗ ಇಡುತ್ತೇವೆ ಎಂದೆ. ಆ ಕಡೆ ಅಂಗಡಿಯಲ್ಲಿ ಯಾರೋ ಮೊಳೆ ತೂಗಿಸಿಕೊಳ್ಳುವ ಸದ್ದು ಕೇಳುತ್ತಿತ್ತು.

"ಚರ್ಮ ಹೇಗುಂಟು ಅಕ್ಕಾ?" ಎಂದು ಕೇಳಿದರು.

ಸರಿಯಾಗಿದೆ ಎಂದೆ.

"ನೋಡುವ" ಎಂದರು.